‘ಊಟ: ನಾರ್ಮಲ್’ ಅಂತ ಬರೆಯೋದನ್ನ ನಿಲ್ಲಿಸಿ

1/10

ಕೇಸ್ ಶೀಟ್‌ನಲ್ಲಿ ಒಂದು ಕಾಲಂ ಇದೆ. ಟೆಂಪರೇಚರ್, ಪಲ್ಸ್, ರೆಸ್ಪಿರೇಷನ್ ಎಲ್ಲ ಆದ್ಮೇಲೆ ಬರುತ್ತೆ. ‘ಆಹಾರ’ ಅಂತ. ಅದರ ಮುಂದೆ ನಾವೆಲ್ಲ ಏನು ಬರೀತೀವಿ? ‘ನಾರ್ಮಲ್.’ ಕೈ ತಾನಾಗೇ ಬರೆದುಬಿಡುತ್ತೆ.

ನಾನೂ ಬರೆದಿದ್ದೆ. ನಾಲ್ಕು ವರ್ಷದ ಗಂಡು ಬೆಕ್ಕು, ಕಿತ್ತಳೆ ಬಣ್ಣ, ಆರೂವರೆ ಕೆಜಿ. ಎರಡು ದಿನದಿಂದ ಮೂತ್ರ ಹೋಗಿಲ್ಲ, ಹೊಟ್ಟೆ ಮುಟ್ಟಿದ್ರೆ ಕಿರುಚುತ್ತೆ. ಮೂತ್ರನಾಳ ಕಟ್ಟಿಕೊಂಡಿತ್ತು. ಕ್ಯಾತಿಟರ್ ಹಾಕಿ, ಫ್ಲಶ್ ಮಾಡಿ, ಡ್ರಿಪ್ ಕೊಟ್ಟು ಮೂರು ದಿನಕ್ಕೆ ಮನೆಗೆ ಕಳಿಸಿದ್ವಿ. ಎರಡು ತಿಂಗಳಿಗೆ ಮತ್ತೆ ಬಂತು. ಮತ್ತೆ ಅದೇ ಕ್ಯಾತಿಟರ್, ಅದೇ ಡ್ರಿಪ್, ಜೊತೆಗೆ ಒಂದು ಆಂಟಿಬಯೋಟಿಕ್. ಕೇಸ್ ಶೀಟ್‌ನಲ್ಲಿ ಮತ್ತೆ ನನ್ನದೇ ಅಕ್ಷರ: ಊಟ ನಾರ್ಮಲ್.

ಮೂರನೇ ಸಲ ರಾತ್ರಿಯೆಲ್ಲ ಒದ್ದಾಡಿಸಿಕೊಂಡು ಬೆಳಗ್ಗೆ ತಂದರು. ರಕ್ತದಲ್ಲಿ ಪೊಟ್ಯಾಸಿಯಂ ಏರಿಹೋಗಿತ್ತು. ಟೇಬಲ್ ಮೇಲೇ ಹೃದಯ ನಿಂತುಹೋಯ್ತು.

ಖಾಲಿ ಬುಟ್ಟಿ ಎತ್ತಿಕೊಳ್ಳುವಾಗ ಆ ಆಂಟಿ ಹೇಳಿದ್ದು ಇಷ್ಟೇ: ‘ಇದು ನೀರೇ ಕುಡೀತಿರ್ಲಿಲ್ಲ ಡಾಕ್ಟ್ರೇ. ದಿನವಿಡೀ ಬರೀ ಒಣ ಕಾಳು ತಿಂತಿತ್ತು. ನೆನೆಸಿ ಕೊಡಿ ಅಂತ ಯಾರಾದ್ರೂ ಹೇಳಿದ್ರೆ ಕೊಡ್ತಿದ್ದೆ.’

ನೆನೆಸಿ ಕೊಟ್ಟಿದ್ರೆ ಬೆಕ್ಕು ಖಂಡಿತ ಉಳೀತಿತ್ತು ಅಂತ ನಾನು ಹೇಳಲ್ಲ. ಹಾಗೆ ಹೇಳೋದು ಸುಳ್ಳು. ಆದ್ರೆ ಐದು ತಿಂಗಳಲ್ಲಿ ಮೂರು ಸಲ ನಮ್ಮ ಕೈಗೆ ಬಂದ ಪ್ರಾಣಿಗೆ ಏನು ತಿಂತೀಯ ಅಂತ ಒಬ್ಬರೂ ಕೇಳಲಿಲ್ಲ. ಆ ಒಬ್ಬರಲ್ಲಿ ನಾನೂ ಇದ್ದೆ.

ಈ ಸೀರೀಸ್ ಅದಕ್ಕೇ. ಬ್ಯಾಚ್‌ಮೇಟ್ಸ್‌ಗೂ, ಮನೇಲಿ ನಾಯಿ-ಬೆಕ್ಕು ಸಾಕಿರೋ ಫಾಲೋವರ್ಸ್‌ಗೂ. ಸ್ವಲ್ಪ ಸಿಟ್ಟಲ್ಲೇ ಬರೆದಿದ್ದೀನಿ.

2/10

‘ಊಟ ಬಲ್ಲವನಿಗೆ ರೋಗವಿಲ್ಲ’ ಅಂತ ಅಜ್ಜಿಯರು ಹೇಳಿದ್ರು. ಅದನ್ನ ನಾವು ನಮಗೆ ಮಾತ್ರ ಅಂದುಕೊಂಡ್ವಿ. ನಾಯಿಗೆ ಮಿಕ್ಕಿದ್ದು, ಬೆಕ್ಕಿಗೆ ಹಾಲು, ಮುಗೀತು.

ನನ್ನ ವಾದ ಸರಳ. ಕಾಯಿಲೆ ಬಿದ್ದ ನಾಯಿ-ಬೆಕ್ಕಿಗೆ ಆಹಾರ ಅನ್ನೋದು ಚಿಕಿತ್ಸೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಹೇಳೋ ಮಾತಲ್ಲ. ‘ಲೈಟಾಗಿ ಏನಾದ್ರೂ ಕೊಡಿ’ ಅನ್ನೋದು ಸಲಹೆಯೇ ಅಲ್ಲ. ಕೆಲವು ಕಾಯಿಲೆಗಳಲ್ಲಿ ಆಹಾರವೇ ಮುಖ್ಯ ಔಷಧಿ. ಕೆಲವುದರಲ್ಲಿ ಅರ್ಧ ಔಷಧಿ. ಇನ್ನು ಕೆಲವುದರಲ್ಲಿ ಕಾಯಿಲೆ ತಂದಿದ್ದೇ ಆಹಾರ. ಮೂರರಲ್ಲೂ ಅದನ್ನ ಕೇಳದೇ, ಅಳೆಯದೇ, ಬರೆದು ಕೊಡದೇ ಬಿಡೋದು ಅರ್ಧ ಕೆಲಸ ಮಾಡಿ ಪೂರ್ತಿ ಫೀಸ್ ತಗೊಂಡ ಹಾಗೆ.

ಇದು ನನ್ನ ಸ್ವಂತ ಹುಚ್ಚಲ್ಲ. ಜಗತ್ತಿನ ಸಣ್ಣಪ್ರಾಣಿ ವೈದ್ಯರ ಸಂಘಟನೆ ವಸಾವಾ 2011ರಲ್ಲೇ ಮಾರ್ಗಸೂಚಿ ತಂದಿದೆ. ಜ್ವರ, ನಾಡಿ, ಉಸಿರಾಟ, ನೋವು ಇವು ನಾಲ್ಕು. ಐದನೆಯದು ಪೋಷಣೆಯ ಪರಿಶೀಲನೆ. ಬಂದ ಪ್ರತಿ ಪ್ರಾಣಿಗೂ, ಪ್ರತಿ ಭೇಟಿಯಲ್ಲೂ ಮಾಡಬೇಕು ಅಂತ ಅದು ಹೇಳುತ್ತೆ. ಥರ್ಮಾಮೀಟರ್ ಹಾಕದೇ ಕೇಸ್ ಶೀಟ್ ಕೊಟ್ರೆ ಸರ್ ಬೈತಾರೆ ಅಲ್ವಾ? ಊಟ ಕೇಳದೇ ಕೊಟ್ರೆ ಯಾಕೆ ಯಾರೂ ಬೈಯಲ್ಲ?

ನ್ಯೂಟ್ರಿಷನ್ ಪೇಪರ್ ನಾವೆಲ್ಲ ಪಾಸಾಗಿದ್ದೀವಿ. ಹಸು, ಎಮ್ಮೆ, ಕೋಳಿ, ಹಂದಿಯ ರೇಷನ್ ಲೆಕ್ಕ ಹಾಕಿದ್ದೀವಿ. ಹತ್ತು ಲೀಟರ್ ಹಾಲು ಕೊಡೋ ಹಸುವಿಗೆ ಎಷ್ಟು ಹಿಂಡಿ ಅಂತ ನಿದ್ದೆಗಣ್ಣಲ್ಲೂ ಹೇಳ್ತೀವಿ. ಹತ್ತು ಕೆಜಿ ನಾಯಿಗೆ ದಿನಕ್ಕೆ ಎಷ್ಟು ಕ್ಯಾಲರಿ ಬೇಕು ಅಂತ ಕೇಳಿದ್ರೆ ಒಬ್ಬರ ಮುಖ ಒಬ್ಬರು ನೋಡ್ತೀವಿ.

ಉತ್ತರ 7ನೇ ಕ್ಯಾಪ್ಷನ್‌ನಲ್ಲಿದೆ. ಅಲ್ಲೀತನಕ ಓದಿ.

3/10

ಮೊದಲು ಆ ಬೆಕ್ಕಿನ ವಿಷಯಕ್ಕೇ ಬರೋಣ.

ಬೆಕ್ಕು ಮೂಲತಃ ಒಣ ಪ್ರದೇಶದ ಪ್ರಾಣಿ. ಬಾಯಾರಿಕೆ ಕಡಿಮೆ. ಇಲಿ, ಹಕ್ಕಿ ಹಿಡಿದು ತಿಂದ್ರೆ ನೀರಿನ ಬಹುಪಾಲು ಆ ಮಾಂಸದಲ್ಲೇ ಸಿಗುತ್ತೆ. ಅಂಥ ಪ್ರಾಣಿಗೆ ಶೇ 10ರಷ್ಟು ಮಾತ್ರ ನೀರಿರೋ ಒಣ ಕಾಳು ಹಾಕ್ತೀವಿ. ಪಕ್ಕದಲ್ಲಿ ಬಟ್ಟಲು ನೀರು ಇಟ್ಟಿದ್ದೀವಲ್ಲ, ಕುಡಿಯುತ್ತೆ ಬಿಡಿ ಅಂತೀವಿ. ಅದು ಕುಡಿಯುತ್ತೆ, ಆದ್ರೆ ಬೇಕಾದಷ್ಟು ಕುಡಿಯಲ್ಲ. ಮೂತ್ರ ಗಟ್ಟಿಯಾಗುತ್ತೆ. ಜೊತೆಗೆ ಬೊಜ್ಜು, ಫ್ಲ್ಯಾಟ್ ಒಳಗೇ ಕೂಡಿಟ್ಟ ಬದುಕು, ಮನೆಗೆ ಬಂದ ಹೊಸ ಬೆಕ್ಕಿನ ಒತ್ತಡ. ಇಷ್ಟು ಸೇರಿದ್ರೆ ಮೂತ್ರಕೋಶ ಉರಿಯುತ್ತೆ. ಗಂಡು ಬೆಕ್ಕಿನ ಮೂತ್ರನಾಳ ಸಪೂರ, ಹಾಗಾಗಿ ಹರಳಿನ ಪುಡಿ, ಲೋಳೆ ಸೇರಿ ಬಿರಡೆ ಹಾಕಿದ ಹಾಗೆ ಕಟ್ಟಿಕೊಳ್ಳುತ್ತೆ.

ಚಿಕ್ಕ ವಯಸ್ಸಿನ ಬೆಕ್ಕುಗಳಲ್ಲಿ ಇದಕ್ಕೆ ಬ್ಯಾಕ್ಟೀರಿಯಾ ಕಾರಣ ಆಗೋದು ಅಪರೂಪ. ಆದ್ರೂ ಆಂಟಿಬಯೋಟಿಕ್ ಬರೀತೀವಿ. ನೀರಿನಂಶ ಜಾಸ್ತಿ ಇರೋ ಆಹಾರ ಬರೆಯಲ್ಲ. 1999ರ ಒಂದು ಅಧ್ಯಯನದಲ್ಲಿ ಈ ತೊಂದರೆ ಇದ್ದ ಬೆಕ್ಕುಗಳನ್ನ ಒಂದು ವರ್ಷ ನೋಡಿದ್ರು. ಮೂತ್ರಕ್ಕೆಂದೇ ತಯಾರಿಸಿದ ಒಂದೇ ಬಗೆಯ ಆಹಾರ, ಒಂದು ಗುಂಪಿಗೆ ಒದ್ದೆ ರೂಪ, ಇನ್ನೊಂದಕ್ಕೆ ಒಣ ರೂಪ. ಒದ್ದೆ ತಿಂದವುಗಳಲ್ಲಿ ಶೇ 11ರಷ್ಟಕ್ಕೆ ಕಾಯಿಲೆ ಮರುಕಳಿಸಿತು. ಒಣದ್ದು ತಿಂದವುಗಳಲ್ಲಿ ಶೇ 39ಕ್ಕೆ. ಸಣ್ಣ ಅಧ್ಯಯನವೇ, ಒಪ್ಪೋಣ. ಆದ್ರೆ ಕಾಳಿನ ಮೇಲೆ ಬಿಸಿನೀರು ಸುರಿಯೋಕೆ ಎಷ್ಟು ದುಡ್ಡು ಬೇಕು?

ಸ್ಟ್ರುವೈಟ್ ಕಲ್ಲು ಬೆಕ್ಕಿನ ಮೂತ್ರಕೋಶದಲ್ಲಿದ್ರೆ, ಅದಕ್ಕೆಂದೇ ಇರೋ ಆಹಾರದಿಂದ ಕೆಲವೇ ವಾರಗಳಲ್ಲಿ ಕರಗುತ್ತೆ. ಚಾಕು ಬೇಡ. ನಾಯಿಯಲ್ಲಿ ಇದೇ ಕಲ್ಲು ಸಾಮಾನ್ಯವಾಗಿ ಸೋಂಕಿನಿಂದ ಬರೋದ್ರಿಂದ ಆಂಟಿಬಯೋಟಿಕ್ ಕೂಡ ಬೇಕು. ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಮಾತ್ರ ಯಾವ ಊಟಕ್ಕೂ ಕರಗಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೇ ಹೊಟ್ಟೆ ಕೊಯ್ಯೋದೂ ತಪ್ಪು, ಡಯಟ್ ಕೊಟ್ಟು ಕಾಯೋದೂ ತಪ್ಪು.

ಇನ್ನೊಂದು ಮಾತು. ಗಂಡು ಬೆಕ್ಕು ಮೂತ್ರಕ್ಕೆ ತಿಣುಕ್ತಾ ಇದೆ, ಹನಿ ಬರ್ತಿಲ್ಲ ಅಂದ್ರೆ ಅದು ಎಮರ್ಜೆನ್ಸಿ. ಆಗ ಡಯಟ್ ಅಲ್ಲ, ಆಟೋ ಹಿಡೀರಿ.

4/10

ಕಿಡ್ನಿ.

ಈ ಕಥೆ ನಿಮಗೆ ಇಷ್ಟ ಆಗುತ್ತೆ. 1939ರ ಸುಮಾರು, ಅಮೆರಿಕದ ನ್ಯೂಜೆರ್ಸಿ. ಮಾರಿಸ್ ಫ್ರಾಂಕ್ ಅನ್ನೋ ಅಂಧ ವ್ಯಕ್ತಿಯ ದಾರಿ ತೋರೋ ನಾಯಿ ಬಡ್ಡಿಗೆ ಕಿಡ್ನಿ ಕೈಕೊಡ್ತಿತ್ತು. ಪಶುವೈದ್ಯ ಮಾರ್ಕ್ ಮಾರಿಸ್ ಅದಕ್ಕೆ ಬೇರೆಯೇ ಆಹಾರ ರೂಪಿಸಿದರು. ಅವರೂ ಹೆಂಡತಿಯೂ ಸೇರಿ ಅಡುಗೆಮನೆಯಲ್ಲೇ ಬೇಯಿಸಿ ಗಾಜಿನ ಜಾಡಿಗಳಲ್ಲಿ ತುಂಬಿ ಕೊಡ್ತಿದ್ರು. ನಾಯಿ ಚೇತರಿಸಿಕೊಂಡಿತು. 1948ರಲ್ಲಿ ಅದೇ ಆಹಾರ ಡಬ್ಬಿಯಲ್ಲಿ ಮಾರುಕಟ್ಟೆಗೆ ಬಂತು. ಇವತ್ತಿನ ‘ಪ್ರಿಸ್ಕ್ರಿಪ್ಷನ್ ಡಯಟ್’ ಅನ್ನೋ ಇಡೀ ವಿಭಾಗ ಶುರುವಾಗಿದ್ದು ಹೀಗೆ, ಒಬ್ಬ ಡಾಕ್ಟರ್ ‘ಊಟ ಏನು’ ಅಂತ ಯೋಚಿಸಿದ್ದರಿಂದ.

ಸುಮಾರು ಅರವತ್ತು ವರ್ಷದ ನಂತರ ಸರಿಯಾದ ಪರೀಕ್ಷೆಗಳೂ ಆದವು. 2002ರಲ್ಲಿ ದೀರ್ಘಕಾಲದ ಕಿಡ್ನಿ ಕಾಯಿಲೆಯ 38 ನಾಯಿಗಳ ಮೇಲೆ, 2006ರಲ್ಲಿ 45 ಬೆಕ್ಕುಗಳ ಮೇಲೆ. ಬೆಕ್ಕುಗಳನ್ನ ಎರಡು ವರ್ಷ ಹಿಂಬಾಲಿಸಿದರು. ಕಿಡ್ನಿ ಡಯಟ್ ತಿಂದವುಗಳಲ್ಲಿ ಒಂದಕ್ಕೂ ಯುರೀಮಿಯಾ ಬಿಕ್ಕಟ್ಟು ಬರಲಿಲ್ಲ. ಮಾಮೂಲಿ ಆಹಾರ ತಿಂದವುಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಬಂತು. ನಾಯಿಗಳಲ್ಲೂ ಇದೇ ದಿಕ್ಕಿನ ಫಲಿತಾಂಶ. ಕಿಡ್ನಿ ಕಾಯಿಲೆಯಲ್ಲಿ ಇಷ್ಟು ಗಟ್ಟಿ ಸಾಕ್ಷಿ ಇರೋ ಮಾತ್ರೆ ಯಾವುದಿದೆ ಹೇಳಿ?

ಇಲ್ಲಿ ಕೆಲಸ ಮಾಡೋದು ಮುಖ್ಯವಾಗಿ ರಂಜಕದ ಇಳಿಕೆ, ಅಂದ್ರೆ ಫಾಸ್ಫರಸ್. ಜೊತೆಗೆ ಅಳತೆಯ ಒಳ್ಳೇ ಪ್ರೋಟೀನ್, ಒಮೆಗಾ 3, ಕಡಿಮೆ ಸೋಡಿಯಂ. ‘ಪ್ರೋಟೀನ್ ನಿಲ್ಲಿಸಿ, ಬರೀ ಮೊಸರನ್ನ ಕೊಡಿ’ ಅನ್ನೋದು ಕಿಡ್ನಿ ಡಯಟ್ ಅಲ್ಲ, ಉಪವಾಸ. ಅದರಿಂದ ಸ್ನಾಯು ಕರಗಿಹೋಗುತ್ತೆ.

ಎರಡು ಎಚ್ಚರಿಕೆ. ಒಂದು, ವಾಂತಿ-ಓಕರಿಕೆ ಇರೋವಾಗ, ಆಸ್ಪತ್ರೆ ಬೋನಿನಲ್ಲಿ ಇರೋವಾಗ ಹೊಸ ಕಿಡ್ನಿ ಆಹಾರ ಮುಖಕ್ಕೆ ಹಿಡೀಬೇಡಿ. ಆ ವಾಸನೆಗೂ ಸಂಕಟಕ್ಕೂ ಗಂಟು ಬಿದ್ದು ಬೆಕ್ಕು ಜೀವಮಾನ ಅದನ್ನ ಮುಟ್ಟಲ್ಲ. ಎರಡು, ವಯಸ್ಸಾಗಿದೆ ಅನ್ನೋ ಒಂದೇ ಕಾರಣಕ್ಕೆ ಆರೋಗ್ಯವಾಗಿರೋ ನಾಯಿಗೆ ಪ್ರೋಟೀನ್ ಕಡಿಮೆ ಮಾಡಬೇಡಿ. ವಯಸ್ಸು ಕಾಯಿಲೆಯಲ್ಲ.

5/10

ಬೆಕ್ಕು ಚಿಕ್ಕ ನಾಯಿ ಅಲ್ಲ. ಸಸ್ಯಾಹಾರಿಯಂತೂ ಅಲ್ಲವೇ ಅಲ್ಲ.

ಇದನ್ನ ಹೇಳಿದ್ರೆ ಕಾಮೆಂಟ್‌ನಲ್ಲಿ ಜಗಳ ಆಗುತ್ತೆ ಅಂತ ಗೊತ್ತು. ಆದ್ರೂ ಹೇಳ್ತೀನಿ.

‘ನಮ್ಮನೆ ಪ್ಯೂರ್ ವೆಜ್, ನಮ್ಮ ಬೆಕ್ಕೂ ಪ್ಯೂರ್ ವೆಜ್, ಮೊಸರನ್ನ ಅಂದ್ರೆ ಪ್ರಾಣ’ ಅಂತ ಹೆಮ್ಮೆಯಿಂದ ರೀಲ್ ಹಾಕ್ತಾರೆ. ನಾವು ಹಾರ್ಟ್ ಒತ್ತಿ ಮುಂದೆ ಹೋಗ್ತೀವಿ. ಬೆಕ್ಕಿನ ದೇಹ ಟಾರಿನ್ ಅನ್ನ ತನಗೆ ಸಾಕಾಗುವಷ್ಟು ತಯಾರಿಸಲ್ಲ. ಕ್ಯಾರೆಟ್‌ನ ಬೀಟಾ ಕ್ಯಾರೋಟಿನ್‌ನಿಂದ ವಿಟಮಿನ್ ಎ ಮಾಡಿಕೊಳ್ಳಲ್ಲ. ಅರಾಕಿಡೋನಿಕ್ ಆಮ್ಲ ಕೂಡ ಪ್ರಾಣಿಮೂಲದಿಂದಲೇ ಬರಬೇಕು. ಇದು ಅದರ ಶರೀರದ ರಚನೆ. ಅದಕ್ಕೆ ಯಾವ ಮಡಿಯೂ ಗೊತ್ತಿಲ್ಲ.

1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನ ಪಾಲ್ ಪಿಯಾನ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದ್ದು ಏನು ಗೊತ್ತಾ? ಹೃದಯ ಊದಿಕೊಂಡು ಸಾಯ್ತಿದ್ದ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಕಡಿಮೆ ಇತ್ತು. ಟಾರಿನ್ ಕೊಟ್ಟಾಗ ಹೃದಯ ಸುಧಾರಿಸಿತು. ಮಜಾ ಅಂದ್ರೆ ಅವು ತಿಂತಿದ್ದಿದ್ದು ಮೊಸರನ್ನ ಅಲ್ಲ, ಅಂಗಡಿಯಲ್ಲಿ ಸಿಗೋ ಕಂಪನಿ ಆಹಾರ. ಆಮೇಲೆ ಕಂಪನಿಗಳು ಟಾರಿನ್ ಹೆಚ್ಚಿಸಿದವು, ಆ ಕಾಯಿಲೆ ಬೆಕ್ಕುಗಳಲ್ಲಿ ಅಪರೂಪ ಆಯ್ತು. ಪ್ಯಾಕೆಟ್ ಆಹಾರವೇ ತಪ್ಪಿದ್ದಾಗ, ಲೆಕ್ಕವೇ ಇಲ್ಲದ ಮೊಸರನ್ನದ ಗತಿ ಏನು?

ನಿಮ್ಮ ನಂಬಿಕೆಯನ್ನ ನಾನು ಗೌರವಿಸ್ತೀನಿ. ಮನೇಲಿ ಮಾಂಸ ಬೇಡ ಅಂದ್ರೆ ಮೊಲ ಸಾಕಿ. ಬೆಕ್ಕೇ ಬೇಕು ಅಂದ್ರೆ ಅದಕ್ಕೆ ಬೆಕ್ಕಿನ ಊಟ ಕೊಡಿ.

ಇನ್ನೊಂದು ತುಂಬಾ ಮುಖ್ಯ. ದಪ್ಪ ಬೆಕ್ಕು ಎರಡು-ಮೂರು ದಿನ ಏನೂ ತಿನ್ನದಿದ್ರೆ, ಕೊಬ್ಬು ಕರಗಿ ಲಿವರ್‌ಗೆ ತುಂಬಿಕೊಂಡು ಲಿವರ್ ಕೆಡುತ್ತೆ. ಹೆಪ್ಯಾಟಿಕ್ ಲಿಪಿಡೋಸಿಸ್. ಹಳದಿ ಆಗಿ ಬರ್ತವೆ. ಅದಕ್ಕೆ ಚಿಕಿತ್ಸೆ ಏನು? ಊಟ. ಟ್ಯೂಬ್ ಹಾಕಿಯಾದ್ರೂ ಊಟ. ‘ಹಸಿವಾದ್ರೆ ತಾನೇ ತಿನ್ನುತ್ತೆ ಬಿಡಿ’ ಅನ್ನೋ ಮಾತು ನಾಯಿಗೆ ಒಂದು ದಿನ ನಡೆಯುತ್ತೆ. ಬೆಕ್ಕಿಗೆ ಅದು ಮರಣಶಾಸನ.

6/10

ಮರಿಗಳು. ಇಲ್ಲಿ ನನಗೆ ಅತಿ ಹೆಚ್ಚು ಸಿಟ್ಟು ಬರುತ್ತೆ.

ಮೂರು ತಿಂಗಳ ಜರ್ಮನ್ ಶೆಫರ್ಡ್ ಮರಿ. ಮುಂಗಾಲು ಬಿಲ್ಲಿನ ಹಾಗೆ ಬಗ್ಗಿದೆ. ಎತ್ತಿದ್ರೆ ಅಳುತ್ತೆ. ಊಟ ಏನು ಅಂದ್ರೆ ಹಾಲು-ಅನ್ನ. ಇಲ್ಲಾಂದ್ರೆ ‘ಸ್ಟ್ರಾಂಗ್ ಆಗ್ಲಿ ಅಂತ ಬರೀ ಚಿಕನ್ ಸಾರ್, ಬೋನ್‌ಲೆಸ್.’

ಮೂಳೆ ಇಲ್ಲದ ಮಾಂಸದಲ್ಲಿ ಕ್ಯಾಲ್ಸಿಯಂ ಒಂದು ಪಾಲಿದ್ರೆ ಫಾಸ್ಫರಸ್ ಹದಿನೈದು-ಇಪ್ಪತ್ತು ಪಾಲು. ಬೆಳೆಯೋ ಮರಿಗೆ ಇವೆರಡೂ ಹೆಚ್ಚುಕಮ್ಮಿ ಸಮಸಮ ಬೇಕು, ಕ್ಯಾಲ್ಸಿಯಂ ಒಂದು ಕೈ ಜಾಸ್ತಿ. ಕ್ಯಾಲ್ಸಿಯಂ ಸಿಗದೇ ಹೋದಾಗ ಪ್ಯಾರಾಥೈರಾಯ್ಡ್ ಗ್ರಂಥಿ ಏನು ಮಾಡುತ್ತೆ? ಮೂಳೆಯಿಂದಲೇ ಕಿತ್ತು ರಕ್ತಕ್ಕೆ ಕೊಡುತ್ತೆ. ಸೋಫಾದಿಂದ ಹಾರಿದ್ರೆ ಮೂಳೆ ಮುರಿಯುತ್ತೆ. ಬೆಕ್ಕಿನ ಮರಿಗಳಲ್ಲೂ ಇದೇ ಕಥೆ.

ಈಗ ಉಲ್ಟಾ ತಪ್ಪು ನೋಡಿ. ಗ್ರೇಟ್ ಡೇನ್, ಲ್ಯಾಬ್ರಡಾರ್, ರಾಟ್‌ವೀಲರ್ ಮರಿಗೆ ಒಳ್ಳೇ ಪಪ್ಪಿ ಫುಡ್ ಹಾಕ್ತಿರ್ತಾರೆ. ಅದರಲ್ಲಿ ಕ್ಯಾಲ್ಸಿಯಂ ಲೆಕ್ಕ ಹಾಕಿಯೇ ಸೇರಿಸಿರ್ತಾರೆ. ಆದ್ರೂ ನಾವು ವ್ಯಾಕ್ಸಿನ್‌ಗೆ ಬಂದಾಗೆಲ್ಲ ಒಂದು ಕ್ಯಾಲ್ಸಿಯಂ ಸಿರಪ್ ಬರೀತೀವಿ. ಯಾಕೆ? ಅಭ್ಯಾಸ. ದೊಡ್ಡ ತಳಿಯ ಮರಿಯ ಕರುಳು ಹೆಚ್ಚಾದ ಕ್ಯಾಲ್ಸಿಯಂ ಅನ್ನ ತಡೆಯಲ್ಲ, ಒಳಗೆ ಬಿಟ್ಟುಕೊಳ್ಳುತ್ತೆ. ಮೂಳೆ-ಕೀಲು ಅಡ್ಡಾದಿಡ್ಡಿ ಬೆಳೆಯುತ್ತವೆ. ಅಂದ್ರೆ ಅನ್ನ-ಹಾಲಿನ ಮರಿಗೆ ಕೊಡಬೇಕಾದದ್ದನ್ನ ಕೊಡಲ್ಲ, ಬೇಡದ ಮರಿಗೆ ಸುರೀತೀವಿ. ಇಬ್ಬರಿಗೂ ಒಂದೇ ಚೀಟಿ. ಊಟ ಕೇಳದೇ ಇದ್ರೆ ಇನ್ನೇನು ಆಗುತ್ತೆ?

ರಾಗಿ ಬಗ್ಗೆ ಕೇಳೇ ಕೇಳ್ತೀರಿ. ಧಾನ್ಯಗಳಲ್ಲಿ ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ, ನಿಜ. ನಮ್ಮ ಹಳ್ಳಿ ನಾಯಿಗಳು ಮುದ್ದೆ ತಿಂದೇ ಬದುಕಿವೆ, ಅದೂ ನಿಜ. ಆದ್ರೆ ಅವು ಮುದ್ದೆ ಜೊತೆ ಹೊಲದಲ್ಲಿ ಇಲಿ, ಮೂಳೆ, ಇನ್ನೇನೇನೋ ತಿಂತಿದ್ವು. ಮೂರನೇ ಮಹಡಿಯ ಮರಿಗೆ ಅಂಬಲಿ ಬಿಟ್ರೆ ಬೇರೆ ಗತಿ ಇಲ್ಲ. ರಾಗಿ ಊಟದ ಒಂದು ಭಾಗ. ಅದೇ ಪೂರ್ತಿ ಊಟ ಅಲ್ಲ.

7/10

ಬೊಜ್ಜು. ‘ಗುಂಡುಗುಂಡಾಗಿದೆ, ಎಷ್ಟು ಮುದ್ದಾಗಿದೆ!’

ಲೆಕ್ಕ ಈಗ ಕಲಿಯಿರಿ. ದೇಹದ ತೂಕದ 0.75 ಘಾತ, ಗುಣಿಸು 70. ಇದು ಸುಮ್ಮನೆ ಮಲಗಿರೋ ಪ್ರಾಣಿಯ ಒಂದು ದಿನದ ಶಕ್ತಿ. 10 ಕೆಜಿ ನಾಯಿಗೆ ಸುಮಾರು 394 ಕಿಲೋ ಕ್ಯಾಲರಿ. ಸಂತಾನಹರಣ ಆಗಿರೋ, ಮನೆಯೊಳಗೇ ಇರೋ ನಾಯಿಗೆ ಅದನ್ನ 1.4ರಿಂದ ಗುಣಿಸಿ ಶುರು ಮಾಡಿ: ಸುಮಾರು 550.

ಈಗ ಒಂದು ಗ್ಲೂಕೋಸ್ ಬಿಸ್ಕತ್ತು ಸುಮಾರು 25 ಕಿಲೋ ಕ್ಯಾಲರಿ ಅಂತ ಇಟ್ಕೊಳ್ಳಿ. ಅಪ್ಪ ಕಾಫಿ ಜೊತೆ ಎರಡು, ಅಜ್ಜಿ ಎರಡು, ನೀವು ಕಾಲೇಜಿಂದ ಬಂದು ಎರಡು. 150. ಅಂದ್ರೆ ದಿನದ ಕಾಲು ಭಾಗಕ್ಕಿಂತ ಜಾಸ್ತಿ ಬರೀ ಸಕ್ಕರೆ-ಮೈದಾ. ತಿಂಡಿ-ತೀರ್ಥ ಎಲ್ಲ ಸೇರಿ ಶೇ 10 ದಾಟಬಾರದು ಅನ್ನೋದು ನಿಯಮ. ಆಮೇಲೆ ಬಂದು ‘ಡಾಕ್ಟ್ರೇ, ಇದು ಊಟನೇ ಮಾಡಲ್ಲ, ಆದ್ರೂ ದಪ್ಪ ಆಗ್ತಿದೆ, ಥೈರಾಯ್ಡ್ ಟೆಸ್ಟ್ ಮಾಡಿ’ ಅಂತೀರಿ.

ಲ್ಯಾಬ್ರಡಾರ್ ಮರಿಗಳ ಮೇಲೆ ಒಂದು ಪ್ರಸಿದ್ಧ ಅಧ್ಯಯನ ಇದೆ, 2002ರಲ್ಲಿ ಪ್ರಕಟ ಆಗಿದ್ದು. 48 ನಾಯಿ, ಎರಡೆರಡು ಜೋಡಿ. ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಶೇ 25 ಕಡಿಮೆ ಊಟ, ಜೀವಮಾನವಿಡೀ. ಕಡಿಮೆ ತಿಂದವು 13 ವರ್ಷ ಬದುಕಿದವು, ಜೊತೆಗಾರರು 11.2. ಕೀಲುನೋವೂ ತಡವಾಗಿ ಶುರುವಾಯ್ತು. ಹತ್ತಿರ ಹತ್ತಿರ ಎರಡು ವರ್ಷ! ಆಸ್ಪತ್ರೆಯ ಯಾವ ಇಂಜೆಕ್ಷನ್ ಲ್ಯಾಬ್‌ಗೆ ಎರಡು ವರ್ಷ ಕೊಡುತ್ತೆ?

ಪಕ್ಕೆಲುಬಿನ ಮೇಲೆ ಕೈ ಆಡಿಸಿ. ಒತ್ತದೇ ಎಲುಬು ಸಿಗಬೇಕು. ಮೇಲಿಂದ ನೋಡಿದ್ರೆ ಸೊಂಟ ಕಾಣಬೇಕು. ಒಂಬತ್ತು ಅಂಕದ ಮಾಪಕದಲ್ಲಿ 4 ಅಥವಾ 5. ಇದಕ್ಕೆ ಯಂತ್ರ ಬೇಡ, ಕೈ ಸಾಕು.

ಹಬ್ಬದ ಸೀಸನ್‌ಗೆ ಒಂದು ಸೂಚನೆ: ಯುಗಾದಿ ಮರುದಿನ ಹೊಸತೊಡಕಿಗೆ ಮಟನ್ ಕೊಬ್ಬು, ಹಬ್ಬದ ದಿನ ತುಪ್ಪದ ಹೋಳಿಗೆ ತಿಂದ ನಾಯಿಗೆ ಪ್ಯಾಂಕ್ರಿಯಾಸ್ ಉರಿಯೂತ ಬರಬಹುದು. ವಾಂತಿ, ಹೊಟ್ಟೆನೋವು, ಬೆನ್ನು ಗೂನು ಮಾಡಿ ನಿಲ್ಲೋದು. ಈರುಳ್ಳಿ-ಬೆಳ್ಳುಳ್ಳಿ ಬಿದ್ದ ಸಾರು ಕೆಂಪು ರಕ್ತಕಣ ಒಡೆಯುತ್ತೆ, ಬೆಕ್ಕಿಗೆ ಇನ್ನೂ ಜಾಸ್ತಿ. ದ್ರಾಕ್ಷಿ-ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸಬಲ್ಲದು. ಪಾಯಸದಲ್ಲಿ ಏನಿರುತ್ತೆ, ನೀವೇ ಹೇಳಿ.

8/10

ಈಗ ಇನ್ನೊಂದು ಕಡೆಯವರಿಗೆ. ‘ಎಲ್ಲ ಕಾಯಿಲೆಗೂ ಆಹಾರವೇ ಮದ್ದು, ಇಂಗ್ಲಿಷ್ ಔಷಧಿ ವಿಷ’ ಅನ್ನೋ ಪೇಜ್‌ಗಳಿಗೆ.

ನೀವು ನನ್ನ ಪರ ಅಂದ್ಕೋಬೇಡಿ. ನಿಮ್ಮಿಂದಾನೂ ಪ್ರಾಣ ಹೋಗ್ತಿದೆ.

ಉಣ್ಣೆ ಕಚ್ಚಿ ಬರೋ ಎರ್ಲಿಕಿಯಾ ಜ್ವರಕ್ಕೆ ಡಾಕ್ಸಿಸೈಕ್ಲಿನ್ ಬೇಕು. ಪಪ್ಪಾಯಿ ಎಲೆ ರಸ ಅದರ ಬದಲಿ ಅಲ್ಲ. ಬೀಟ್‌ರೂಟ್ ಕೆಂಪಾಗಿದೆ ಅಂದ ಮಾತ್ರಕ್ಕೆ ರಕ್ತ ಆಗಲ್ಲ. ಊಟದ ಪಾತ್ರ ಇಲ್ಲೂ ಇದೆ, ಆದ್ರೆ ಬೇರೆ ಥರ: ಡಾಕ್ಸಿ ಮಾತ್ರೆಯನ್ನ ಬೆಕ್ಕಿಗೆ ಒಣಗಂಟಲಲ್ಲಿ ಕೊಟ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಸುಡುತ್ತೆ. ಹಿಂದೆಯೇ ನೀರೋ ಊಟವೋ ಹೋಗಬೇಕು. ಹಾಲಲ್ಲಿ ಅದ್ದಿ ಕೊಡಬೇಡಿ, ಕ್ಯಾಲ್ಸಿಯಂ ಔಷಧಿಯನ್ನ ಹಿಡಿದುಕೊಳ್ಳುತ್ತೆ.

ಸಕ್ಕರೆ ಕಾಯಿಲೆಯ ನಾಯಿಗೆ ಇನ್ಸುಲಿನ್ ಜೀವಮಾನ ಬೇಕು. ಊಟ ಮಾಡೋದು ಏನಂದ್ರೆ, ಅದೇ ಹೊತ್ತಿಗೆ ಅದೇ ಅಳತೆಯಲ್ಲಿ ಬಂದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡೋ ಹಾಗೆ ನೋಡಿಕೊಳ್ಳೋದು. ಬೆಕ್ಕಿನಲ್ಲಿ ಕಥೆ ಬೇರೆ. ಕಾರ್ಬೋಹೈಡ್ರೇಟ್ ಕಡಿಮೆ ಇರೋ ಆಹಾರ, ಬೇಗ ಶುರು ಮಾಡಿದ ಇನ್ಸುಲಿನ್ ಎರಡೂ ಸೇರಿದ್ರೆ ಕೆಲವು ಬೆಕ್ಕುಗಳು ಇನ್ಸುಲಿನ್ ಬಿಡೋ ಹಂತಕ್ಕೂ ಬರ್ತವೆ. ಎರಡೂ ಸೇರಿದ್ರೆ ಅಂದೆ. ಒಂದೇ ಅಲ್ಲ.

ಪಾರ್ವೊ ಬಗ್ಗೆ ನಮ್ಮವರಿಗೇ ಒಂದು ಮಾತು. ವಾಂತಿ ನಿಲ್ಲೋ ತನಕ ಬಾಯಿಗೆ ಏನೂ ಬೇಡ ಅಂತ ಇನ್ನೂ ಹೇಳ್ತಾ ಇದ್ದೀವಿ. 2003ರಲ್ಲಿ 30 ಪಾರ್ವೊ ಮರಿಗಳ ಮೇಲೆ ನಡೆದ ಅಧ್ಯಯನದಲ್ಲಿ, ದಾಖಲಾದ 12 ಗಂಟೆಯಿಂದಲೇ ಮೂಗಿನ ಟ್ಯೂಬ್‌ನಲ್ಲಿ ಸ್ವಲ್ಪ ಸ್ವಲ್ಪ ಊಟ ಕೊಟ್ಟ ಗುಂಪು ಬೇಗ ಚೇತರಿಸಿಕೊಂಡಿತು, ತೂಕವೂ ಏರಿತು. ಕರುಳಿನ ಜೀವಕೋಶ ತನ್ನ ಊಟವನ್ನ ಕರುಳಿನೊಳಗಿಂದಲೇ ತಗೊಳ್ಳುತ್ತೆ. ಡ್ರಿಪ್ ಬಾಟಲಿಯ ಗ್ಲೂಕೋಸ್ ಊಟ ಅಲ್ಲ. 5% ಡೆಕ್ಸ್‌ಟ್ರೋಸ್ ಒಂದು ಲೀಟರ್‌ನಲ್ಲಿ ಸುಮಾರು 170 ಕಿಲೋ ಕ್ಯಾಲರಿ ಮಾತ್ರ.

ಕೆರೆತದ ನಾಯಿ ಬಂದ್ರೆ? ಆಹಾರದ ಅಲರ್ಜಿಯನ್ನ ಖಚಿತ ಮಾಡೋಕೆ ರಕ್ತಪರೀಕ್ಷೆ ನಂಬಿಕೆಗೆ ಅರ್ಹ ಅಲ್ಲ. ಹಿಂದೆಂದೂ ತಿನ್ನದ ಪ್ರೋಟೀನ್ ಅಥವಾ ಹೈಡ್ರೊಲೈಸ್ಡ್ ಆಹಾರ, 8 ವಾರ, ಬೇರೆ ಒಂದು ತುಣುಕೂ ಇಲ್ಲದೆ. ಆಮೇಲೆ ಹಳೇ ಊಟ ವಾಪಸ್ ಕೊಟ್ಟು ಕೆರೆತ ಬರುತ್ತಾ ನೋಡಬೇಕು. ಮಧ್ಯೆ ಅಜ್ಜಿ ಒಂದು ಬಿಸ್ಕತ್ತು ಕೊಟ್ರೂ ಲೆಕ್ಕ ಮೊದಲಿಂದ.

9/10

‘ಇದೆಲ್ಲ ಹೇಳೋಕೆ ಚೆಂದ ಗುರು, ಆದ್ರೆ...’ ಅನ್ನೋರಿಗೆ.

‘ಆ ಡಯಟ್‌ಗಳೆಲ್ಲ ದುಬಾರಿ, ಜನ ಕೊಳ್ಳಲ್ಲ.’ ಹೌದು, ದುಬಾರಿ. ಹಾಗಂತ ಹೇಳದೇ ಇರೋ ಹಕ್ಕು ನಮಗಿಲ್ಲ. ಕೊಳ್ಳೋದು ಬಿಡೋದು ಅವರ ತೀರ್ಮಾನ. ಆಮೇಲೆ, ಮೇಲೆ ನಾನು ಹೇಳಿದ್ರಲ್ಲಿ ಎಷ್ಟಕ್ಕೆ ದುಡ್ಡು ಬೇಕು? ಕಾಳು ನೆನೆಸೋದು, ಬಿಸ್ಕತ್ತು ನಿಲ್ಲಿಸೋದು, ಅಳತೆ ಲೋಟ ಇಡೋದು, ಬೇಡದ ಸಿರಪ್ ಬರೆಯದಿರೋದು. ಇವು ಖರ್ಚು ಉಳಿಸ್ತವೆ. ಲಿವರ್ ಟಾನಿಕ್, ಕ್ಯಾಲ್ಸಿಯಂ, ಮಲ್ಟಿವಿಟಮಿನ್ ಅಂತ ಮೂರು ಬಾಟಲಿಗೆ ಬರೆಸುವಾಗ ಅವರ ಬಡತನ ನಮಗೆ ನೆನಪಾಗಲ್ಲ.

‘ಅದೆಲ್ಲ ಕಂಪನಿಗಳ ಮಾರ್ಕೆಟಿಂಗ್.’ ಅರ್ಧ ಒಪ್ತೀನಿ. ನಾನು ಹೇಳಿದ ಅಧ್ಯಯನಗಳಲ್ಲಿ ಕೆಲವಕ್ಕೆ ಆಹಾರ ಕಂಪನಿಗಳದ್ದೇ ದುಡ್ಡು. ಲ್ಯಾಬ್ರಡಾರ್ ಅಧ್ಯಯನ ನಡೆದದ್ದೇ ಕಂಪನಿಯೊಂದರಲ್ಲಿ. ಹಾಗಾಗಿ ಅನುಮಾನದಿಂದಲೇ ಓದಿ. ಆದ್ರೆ ಆ ಲ್ಯಾಬ್ ಅಧ್ಯಯನ ಹೇಳಿದ್ದು ‘ಕಡಿಮೆ ಹಾಕಿ’ ಅಂತ. ಮಾರೋನಿಗೆ ಅದರಿಂದ ಏನು ಲಾಭ? ಇನ್ನು ಕಂಪನಿಯನ್ನ ನಂಬಲ್ಲ, ಮನೇಲೇ ಬೇಯಿಸ್ತೀನಿ ಅಂದ್ರೆ ಬಹಳ ಸಂತೋಷ. ಆದ್ರೆ ಇಂಟರ್ನೆಟ್ ರೆಸಿಪಿ ಬೇಡ. ಕಾಯಿಲೆ ನಾಯಿಯ ಮನೆಯೂಟಕ್ಕೆ ಗ್ರಾಂ ಲೆಕ್ಕ ಬೇಕು, ಖನಿಜ-ವಿಟಮಿನ್ ಸೇರಿಸಬೇಕು. ಆ ಲೆಕ್ಕ ಹಾಕಿಕೊಡೋರು ಯಾರು? ನಾವೇ ತಾನೇ ಕಲೀಬೇಕು?

‘ಬೀದಿ ನಾಯಿ ನೋಡು, ಏನ್ ತಿಂದ್ರೂ ಕಲ್ಲು ಥರ ಇವೆ.’ ನೀವು ನೋಡ್ತಿರೋದು ಬದುಕಿ ಉಳಿದವನ್ನ. ಮರಿಯಾಗಿ ಸತ್ತವು ನಿಮ್ಮ ಕಣ್ಣಿಗೆ ಬೀಳಲ್ಲ.

‘ಓಪಿಯಲ್ಲಿ ನೂರು ಕೇಸ್, ಟೈಮ್ ಎಲ್ಲಿದೆ?’ ಇದೊಂದೇ ವಾದಕ್ಕೆ ನನ್ನ ಹತ್ತಿರ ಮೆತ್ತಗಿನ ಉತ್ತರ ಇದೆ. ನಿಜ, ಟೈಮ್ ಇಲ್ಲ. ಆದ್ರೆ ಆ ಬೆಕ್ಕಿಗೆ ಮೂರು ಸಲ ಸೇರಿ ಗಂಟೆಗಟ್ಟಲೆ ಕೊಟ್ವಿ. ಪ್ರಶ್ನೆ ಕೇಳೋಕೆ ಎರಡು ನಿಮಿಷ ಸಾಕಿತ್ತು.

10/10

ಹಾಗಾದ್ರೆ ಏನು ಕೇಳಬೇಕು? ಇದನ್ನ ಸೇವ್ ಮಾಡಿಕೊಳ್ಳಿ.

▪ ನಿನ್ನೆ ಬೆಳಗ್ಗೆಯಿಂದ ರಾತ್ರಿವರೆಗೆ ಏನೇನು ತಿಂತು? ‘ಸಾಮಾನ್ಯವಾಗಿ’ ಅಂತ ಕೇಳಬೇಡಿ, ‘ನಿನ್ನೆ’ ಅಂತ ಕೇಳಿ.
▪ ಎಷ್ಟು? ಲೋಟ ಅಂದ್ರೆ ಯಾವ ಲೋಟ? ಕಾಫಿ ಲೋಟವೋ, ಚೊಂಬೋ?
▪ ಮನೇಲಿ ಇನ್ಯಾರು ತಿನ್ನಿಸ್ತಾರೆ? ಅಜ್ಜಿ, ಮಗು, ವಾಚ್‌ಮನ್, ಪಕ್ಕದ ಮನೆಯವರು?
▪ ಬಿಸ್ಕತ್ತು, ಚಪಾತಿ ಚೂರು, ಮಾತ್ರೆ ಕೊಡೋಕೆ ಬಳಸೋ ತಿಂಡಿ ಏನು?
▪ ನೀರು ಎಷ್ಟು ಕುಡಿಯುತ್ತೆ? ಈಚೆಗೆ ಹೆಚ್ಚು-ಕಮ್ಮಿ ಆಗಿದೆಯಾ?
▪ ಟಾನಿಕ್, ಸಿರಪ್, ಪುಡಿ ಏನಾದ್ರೂ ಕೊಡ್ತಿದ್ದೀರಾ?
▪ ಹೋದ ತಿಂಗಳಿಗೂ ಈಗಕ್ಕೂ ಹಸಿವು, ತೂಕ ಬದಲಾಗಿದೆಯಾ?

ಆಮೇಲೆ ತೂಕ ನೋಡಿ, ಪಕ್ಕೆ ಮುಟ್ಟಿ ಅಂಕ ಬರೆಯಿರಿ, ಬೆನ್ನಿನ ಸ್ನಾಯು ಮುಟ್ಟಿ ನೋಡಿ. ಔಷಧಿ ಚೀಟಿಯಲ್ಲಿ ಊಟವನ್ನೂ ಬರೆಯಿರಿ: ಏನು, ಎಷ್ಟು ಗ್ರಾಂ, ದಿನಕ್ಕೆ ಎಷ್ಟು ಸಲ, ಎಷ್ಟು ದಿನ. ಮಾತ್ರೆಗೆ ಬರೆಯೋ ಹಾಗೇ. ಬಾಯಲ್ಲಿ ಹೇಳಿದ್ದು ಗೇಟ್ ದಾಟೋ ಅಷ್ಟರಲ್ಲಿ ಮರೆತುಹೋಗುತ್ತೆ.

ಪ್ರಾಣಿ ಸಾಕಿರೋ ಫಾಲೋವರ್ಸ್, ನಿಮಗೂ ಒಂದು ಕೆಲಸ. ಡಾಕ್ಟರ್ ಕೇಳಲಿಲ್ಲ ಅಂದ್ರೆ ನೀವೇ ಹೇಳಿ. ಪ್ಯಾಕೆಟ್‌ನ ಹಿಂಬದಿ ಫೋಟೊ ತೆಗೆದುಕೊಂಡು ಹೋಗಿ. ಒಂದು ದಿನ ತಿಂದದ್ದನ್ನೆಲ್ಲ ಮೊಬೈಲ್‌ನಲ್ಲಿ ಬರೆದುಕೊಳ್ಳಿ. ‘ಇದರ ಕಾಯಿಲೆಗೆ ಊಟ ಏನು ಬದಲಾಯಿಸಬೇಕು?’ ಅಂತ ನೇರವಾಗಿ ಕೇಳಿ. ಕೇಳಿದ್ರೆ ನಮಗೆ ಕೋಪ ಬಂದ್ರೆ ಬರಲಿ. ಉತ್ತರ ಗೊತ್ತಿಲ್ಲದೇ ಬರೋ ಕೋಪ ಅದು. ನಾಲ್ಕು ಜನ ಕೇಳಿದ್ರೆ ಐದನೆಯವರು ಬರೋದ್ರೊಳಗೆ ಓದಿಕೊಂಡು ಕೂತಿರ್ತೀವಿ.

ಬ್ಯಾಚ್‌ಮೇಟ್ಸ್, ಸೋಮವಾರ ನಮಗೆಲ್ಲ ಪೋಸ್ಟಿಂಗ್ ಇದೆ. ‘ಆಹಾರ’ ಕಾಲಂ ಮುಂದೆ ನಾನು ಇನ್ನು ‘ನಾರ್ಮಲ್’ ಬರೆಯಲ್ಲ. ತಿಂದದ್ದನ್ನ ಬರೀತೀನಿ. ಜಾಗ ಸಾಲದಿದ್ರೆ ಹಾಳೆ ಹಿಂದೆ ಬರೀತೀನಿ. ನೀವೂ ಬರೀರಿ. ಯಾರಾದ್ರೂ ‘ಇದೆಲ್ಲ ಯಾಕೆ’ ಅಂತ ಕೇಳಿದ್ರೆ ಆ ಕಿತ್ತಳೆ ಬೆಕ್ಕಿನ ಕಥೆ ಹೇಳಿ.

ನಿಮ್ಮನೆ ನಾಯಿ-ಬೆಕ್ಕು ನಿನ್ನೆ ಏನು ತಿಂತು? ಕಾಮೆಂಟ್‌ನಲ್ಲಿ ಬರೆಯಿರಿ. ನಾರ್ಮಲ್ ಅಂತ ಬರೆದ್ರೆ ಮಾತ್ರ ಬೈತೀನಿ.

#ಊಟನಾರ್ಮಲ್ಅಲ್ಲ #ನಾಯಿಬೆಕ್ಕು #ಪಶುವೈದ್ಯಕೀಯ #ಕೇಸ್‌ಶೀಟ್ #ಕನ್ನಡದಲ್ಲಿಕಲಿಯೋಣ